112, 1930, 1912, 14416... ಈ ಚಿಕ್ಕ ನಂಬರ್‌ಗಳ ಲೆಕ್ಕ ಏನು? ಯಾವುದಕ್ಕೆ ಯಾವಾಗ ಕರೆ ಮಾಡಬೇಕು?

ಮೊಬೈಲ್ ನಂಬರ್ ಅಂದರೆ 10 ಅಂಕಿ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಪೊಲೀಸರನ್ನು ಕರೆಯೋಕೆ 3 ಅಂಕಿ ಸಾಕು. ಕರೆಂಟ್ ಹೋದರೆ 4 ಅಂಕಿ. ಮಾನಸಿಕ ಆರೋಗ್ಯದ ಸಹಾಯವಾಣಿಗೆ 5 ಅಂಕಿ. ಇವೆಲ್ಲದರಲ್ಲೂ ಒಂದು ಸಾಮ್ಯ ಇದೆ: ಎಲ್ಲ ನಂಬರ್‌ಗಳೂ 1ರಿಂದಲೇ ಶುರುವಾಗುತ್ತವೆ.

ಇದು ಹೇಗೋ ಆಗಿಬಿಟ್ಟಿದ್ದಲ್ಲ. ದೇಶದ ದೂರವಾಣಿ ನಂಬರ್ ಯೋಜನೆಯಲ್ಲಿ 1 ಎಂಬ ಅಂಕಿಯನ್ನು ವಿಶೇಷ ಸೇವೆಗಳಿಗೆಂದೇ ಎತ್ತಿಡಲಾಗಿದೆ. ಈ ಲೆಕ್ಕ ತಿಳಿದುಕೊಂಡರೆ ಎರಡು ಅನುಕೂಲ. ಒಂದು, ರಾತ್ರಿ ಅಂಗಡಿಗೆ ಬೆಂಕಿ ಬಿದ್ದಾಗಲೋ ಯುಪಿಐನಲ್ಲಿ ದುಡ್ಡು ಹೋದಾಗಲೋ ಸರಿಯಾದ ಕಡೆಗೆ ತಕ್ಷಣ ಕರೆ ಹೋಗುತ್ತದೆ. ಎರಡು, ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಯಾವುದೋ ನಕಲಿ 'ಕಸ್ಟಮರ್ ಕೇರ್' ಕೈಗೆ ಸಿಕ್ಕಿಬೀಳೋದು ತಪ್ಪುತ್ತದೆ.

1ರಿಂದಲೇ ಯಾಕೆ ಶುರು?

ನಾವು ಒತ್ತುವ ಮೊದಲ ಅಂಕಿ ನೋಡಿಯೇ ಕರೆ ಎಲ್ಲಿಗೆ ಹೋಗಬೇಕು ಅನ್ನೋದನ್ನು ಟೆಲಿಫೋನ್ ಎಕ್ಸ್‌ಚೇಂಜ್ ಅಂದಾಜು ಮಾಡುತ್ತದೆ. 0 ಒತ್ತಿದರೆ ಎಸ್‌ಟಿಡಿ, 00 ಒತ್ತಿದರೆ ವಿದೇಶದ ಕರೆ. 6, 7, 8, 9ರಿಂದ ಶುರುವಾಗುವ 10 ಅಂಕಿ ಇದ್ದರೆ ಮೊಬೈಲ್. 1 ಬಂತು ಅಂದರೆ ವಿಶೇಷ ಸೇವೆ.

ಒಂದು ವೇಳೆ ಯಾರಿಗಾದರೂ 112ರಿಂದ ಶುರುವಾಗುವ ಮೊಬೈಲ್ ನಂಬರ್ ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು? ಅವರಿಗೆ ಕರೆ ಮಾಡೋಕೆ ಹೋದವರ ಮೊದಲ ಮೂರು ಅಂಕಿಗೇ ಕರೆ ಪೊಲೀಸ್ ಕಂಟ್ರೋಲ್ ರೂಮ್‌ಗೆ ಹೋಗಿಬಿಡುತ್ತಿತ್ತು. ಈ ಗೊಂದಲ ಬೇಡ ಅಂತಲೇ 1ರ ಸಾಲನ್ನು ಪೂರ್ತಿಯಾಗಿ ಬೇರೆ ಇಡಲಾಗಿದೆ. ಹಾಗಾಗಿ ಭಾರತದಲ್ಲಿ ಯಾರ ಮನೆ ಫೋನೂ, ಯಾರ ಮೊಬೈಲೂ 1ರಿಂದ ಶುರುವಾಗೋದಿಲ್ಲ.

ಈ ಪದ್ಧತಿ ಹೊಸದೇನೂ ಅಲ್ಲ. ಕಪ್ಪು ಡಯಲ್ ಫೋನ್ ಇದ್ದ ಕಾಲದಲ್ಲೇ ಟ್ರಂಕ್ ಕಾಲ್ ಬುಕ್ ಮಾಡೋಕೆ 180, ಯಾರದಾದರೂ ನಂಬರ್ ಕೇಳೋಕೆ 197, ಫೋನ್ ಕೆಟ್ಟರೆ ದೂರು ಕೊಡೋಕೆ 198 ಇದ್ದವು. ಟ್ರಂಕ್ ಕಾಲ್ ಹೋಯಿತು, ಆದರೆ 198 ಇವತ್ತಿಗೂ ಉಳಿದಿದೆ. ಮೊಬೈಲ್ ಕಂಪನಿಗೆ ದೂರು ದಾಖಲಿಸುವ ಉಚಿತ ನಂಬರ್ ಅದೇ.

3 ಅಂಕಿ, 4 ಅಂಕಿ, 5 ಅಂಕಿ: ಈ ವ್ಯತ್ಯಾಸ ಯಾಕೆ?

1ರಿಂದ ಶುರುವಾಗುವ 3 ಅಂಕಿಯ ನಂಬರ್‌ಗಳು ಎಷ್ಟಿರಬಹುದು? 100ರಿಂದ 199ರವರೆಗೆ ಬರೀ ನೂರು. ಅದರಲ್ಲೂ ಇನ್ನೊಂದು ತೊಡಕಿದೆ. 112 ಅನ್ನು ಒಂದು ಸೇವೆಗೆ ಕೊಟ್ಟ ಮೇಲೆ 1120ರಿಂದ 1129ರವರೆಗಿನ ಹತ್ತು ನಂಬರ್‌ಗಳನ್ನು ಬೇರೆಯವರಿಗೆ ಕೊಡೋ ಹಾಗಿಲ್ಲ. ಮೂರನೇ ಅಂಕಿಗೇ ಕರೆ ಹೊರಟುಬಿಡುತ್ತದಲ್ಲ! ಅಂದರೆ ಒಂದು 3 ಅಂಕಿಯ ನಂಬರ್ ಕೊಟ್ಟರೆ ಹತ್ತು 4 ಅಂಕಿಯ ನಂಬರ್, ನೂರು 5 ಅಂಕಿಯ ನಂಬರ್ ಹೋದ ಹಾಗೆ.

ಅದಕ್ಕೇ 3 ಅಂಕಿಯ ನಂಬರ್‌ಗಳು ಹೆಚ್ಚಾಗಿ ಪೊಲೀಸ್, ಅಗ್ನಿಶಾಮಕ, ಆ್ಯಂಬುಲೆನ್ಸ್, ರೈಲ್ವೆಯಂಥ ಸೇವೆಗಳ ಬಳಿ ಇವೆ. ಆಮೇಲೆ ಬಂದ ಸಹಾಯವಾಣಿಗಳಿಗೆ 4 ಅಂಕಿ ಸಿಕ್ಕಿತು: 1098, 1912, 1930. ಇನ್ನೂ ಈಚಿನವಕ್ಕೆ 5 ಅಂಕಿ: ಹಿರಿಯರ ಸಹಾಯವಾಣಿ 14567, ಟೆಲಿ ಮಾನಸ್ 14416.

ಜನರಿಗೆ ನೆನಪಿರಲಿ ಎಂಬ ಹಾಗೆ ಹೊಂದಿಬಂದ ನಂಬರ್‌ಗಳೂ ಇವೆ. ಆಧಾರ್ ಸಹಾಯವಾಣಿ 1947, ಸ್ವಾತಂತ್ರ್ಯ ಬಂದ ವರ್ಷ. ಮತದಾರರ ಸಹಾಯವಾಣಿ 1950, ಚುನಾವಣಾ ಆಯೋಗ ಶುರುವಾದ ವರ್ಷ. ಮಕ್ಕಳ ಸಹಾಯವಾಣಿ 1098 ಅನ್ನು 10-9-8 ಅಂತ ಇಳಿಕೆ ಎಣಿಕೆಯಲ್ಲಿ ಹೇಳಿಕೊಟ್ಟರೆ ಚಿಕ್ಕ ಮಗುವೂ ಮರೆಯೋದಿಲ್ಲ.

ನಂಬರ್ ಕೊಡುವವರು ಯಾರು?

ಈ ನಂಬರ್‌ಗಳನ್ನು ಹಂಚುವುದು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ. ಈಗ ಜಾರಿಯಲ್ಲಿರುವ ರಾಷ್ಟ್ರೀಯ ನಂಬರ್ ಯೋಜನೆ 2003ರದ್ದು. ಬದಲಾವಣೆ ಬೇಕಿದ್ದಾಗ ಟ್ರಾಯ್ ಶಿಫಾರಸು ಮಾಡುತ್ತದೆ, ಇಲಾಖೆ ತೀರ್ಮಾನ ತೆಗೆದುಕೊಳ್ಳುತ್ತದೆ. ರಾಜ್ಯ ಸರ್ಕಾರದ ಯಾವುದೋ ಇಲಾಖೆಗೆ ಸಹಾಯವಾಣಿ ಬೇಕಾದರೂ ನಂಬರ್ ಅಲ್ಲಿಂದಲೇ ಬರಬೇಕು. ನಂಬರ್ ಕೊಡುವುದಷ್ಟೇ ದೂರಸಂಪರ್ಕ ಇಲಾಖೆಯ ಕೆಲಸ. ಫೋನ್ ಎತ್ತುವುದು, ಗಾಡಿ ಕಳಿಸುವುದು ಆಯಾ ಇಲಾಖೆಯ ಜವಾಬ್ದಾರಿ. 1912 ಎತ್ತಲಿಲ್ಲ ಅಂದರೆ ಕೇಳಬೇಕಾದ್ದು ವಿದ್ಯುತ್ ಕಂಪನಿಯನ್ನು, ಫೋನ್ ಕಂಪನಿಯನ್ನಲ್ಲ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರೋದಿಲ್ಲ. ಎಲ್ಲ ಚಿಕ್ಕ ನಂಬರ್‌ಗಳೂ ದೇಶದ ಎಲ್ಲ ಕಡೆ ಒಂದೇ ಕಚೇರಿಗೆ ಹೋಗೋದಿಲ್ಲ. 1916 ಬೆಂಗಳೂರಿನಲ್ಲಿ ಜಲಮಂಡಳಿ. ಅದೇ 1916 ಮುಂಬೈನಲ್ಲಿ ಮಹಾನಗರ ಪಾಲಿಕೆಯ ವಿಪತ್ತು ನಿರ್ವಹಣಾ ಕೇಂದ್ರ. 1912 ದೇಶಪೂರ್ತಿ ಕರೆಂಟ್ ದೂರಿಗೇ ಇದ್ದರೂ ಕರ್ನಾಟಕದಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಚೆಸ್ಕಾಂ ಎಂದು ಐದು ಕಂಪನಿಗಳಿವೆ. ಬೇರೆ ಜಿಲ್ಲೆಗೆ ಹೋದಾಗ ಊರಿನ ಮನೆಯ ಕರೆಂಟ್ ದೂರು ಹೇಳೋಕೆ 1912 ಒತ್ತಿದರೆ ಮೊದಲು 'ನನ್ನದು ಇಂಥ ಕಂಪನಿ, ಇಂಥ ತಾಲ್ಲೂಕು' ಅಂತ ಸ್ಪಷ್ಟಪಡಿಸಿಕೊಳ್ಳೋದು ಒಳ್ಳೆಯದು.

ಗಡಿ ತಾಲ್ಲೂಕಿನವರು ಇನ್ನೂ ಸ್ವಲ್ಪ ಎಚ್ಚರದಿಂದ ಇರಬೇಕು. ಫೋನ್ ಪಕ್ಕದ ರಾಜ್ಯದ ಟವರ್ ಹಿಡಿದಿದ್ದರೆ 112 ಅಥವಾ 108ರ ಕರೆ ಆ ರಾಜ್ಯದ ಕೇಂದ್ರಕ್ಕೆ ಹೋಗಬಹುದು. ಮರಾಠಿ, ತೆಲುಗು, ತಮಿಳು ಅಥವಾ ಮಲಯಾಳಂ ಕೇಳಿಸಿದರೆ ಗಾಬರಿಯಾಗಿ ಕಟ್ ಮಾಡಬೇಡಿ. 'ಕರ್ನಾಟಕ' ಅಂತ ಹೇಳಿ ಜಿಲ್ಲೆ, ತಾಲ್ಲೂಕಿನ ಹೆಸರು ಕೊಡಿ.

112: ಒಂದೇ ನಂಬರ್, ಮೂರು ಸೇವೆ

ಪೊಲೀಸ್‌ಗೆ 100, ಬೆಂಕಿಗೆ 101, ಆ್ಯಂಬುಲೆನ್ಸ್‌ಗೆ 102 ಅಥವಾ 108. ಆತಂಕದ ಹೊತ್ತಿನಲ್ಲಿ ಇಷ್ಟೆಲ್ಲ ನೆನಪಾಗೋದಿಲ್ಲ. ದೇಶಕ್ಕೆಲ್ಲ ಒಂದೇ ತುರ್ತು ನಂಬರ್ ಇರಲಿ ಅಂತ ಟ್ರಾಯ್ 2015ರಲ್ಲಿ ಶಿಫಾರಸು ಮಾಡಿತು. ಯುರೋಪಿನ ದೇಶಗಳಲ್ಲಿ ಆಗಲೇ ಬಳಕೆಯಲ್ಲಿದ್ದ, ಎಲ್ಲ ಮೊಬೈಲ್‌ಗಳೂ ತುರ್ತು ಕರೆ ಎಂದು ಗುರುತಿಸುವ 112 ಆಯ್ಕೆಯಾಯಿತು. ನಿರ್ಭಯಾ ನಿಧಿಯ ಹಣದಲ್ಲಿ ರೂಪುಗೊಂಡ ಈ ವ್ಯವಸ್ಥೆ 2018ರ ನವೆಂಬರ್‌ನಲ್ಲಿ ಮೊದಲು ಹಿಮಾಚಲ ಪ್ರದೇಶದಲ್ಲಿ ಶುರುವಾಗಿ ಆಮೇಲೆ ಕರ್ನಾಟಕಕ್ಕೂ ಬಂತು. ಹಳೆಯ ನಂಬರ್‌ಗಳನ್ನು ಹಂತ ಹಂತವಾಗಿ ಇದಕ್ಕೆ ಸೇರಿಸುತ್ತಾ ಹೋಗುವುದು ಯೋಜನೆ.

112ಕ್ಕೆ ಕರೆ ಮಾಡಿದಾಗ ಆಗೋದು ಇಷ್ಟು. ಕರೆ ನಿಯಂತ್ರಣ ಕೇಂದ್ರಕ್ಕೆ ಹೋಗುತ್ತದೆ. ಸಿಬ್ಬಂದಿ ವಿವರ ಬರೆದುಕೊಂಡು ಹತ್ತಿರ ಇರುವ ಗಾಡಿಗೆ ಅದನ್ನು ಕಳಿಸುತ್ತಾರೆ. ನೀವಿರುವ ಜಾಗದ ಅಂದಾಜು ಫೋನ್ ಕಂಪನಿಯ ಮೂಲಕ ಸಿಗುತ್ತದೆ. ಆದರೆ ಹಳ್ಳಿ ಕಡೆ ಟವರ್‌ಗಳು ದೂರ ದೂರ ಇರೋದರಿಂದ ಅದು ಕಿಲೋಮೀಟರ್‌ಗಟ್ಟಲೆ ಹೆಚ್ಚುಕಮ್ಮಿ ಆಗಬಹುದು. ಆದ್ದರಿಂದ ಬಾಯಿಬಿಟ್ಟು ಜಾಗ ಹೇಳೋದೇ ಮುಖ್ಯ.

ಇಲ್ಲೇ ಹೆಚ್ಚಿನವರು ಎಡವುತ್ತಾರೆ. 'ಹೊಸಹಳ್ಳಿ ಸಾರ್, ಬೇಗ ಬನ್ನಿ' ಅಂದರೆ ಸಾಲದು. ರಾಜ್ಯದಲ್ಲಿ ಹೊಸಹಳ್ಳಿಗಳು, ಹೊಸೂರುಗಳು ಲೆಕ್ಕವಿಲ್ಲದಷ್ಟಿವೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಆಮೇಲೆ ಗುರುತು: ದೇವಸ್ಥಾನ, ಶಾಲೆ, ಹಾಲಿನ ಡೇರಿ, ಬಸ್ ಸ್ಟ್ಯಾಂಡ್. ಇದೇ ಕ್ರಮದಲ್ಲಿ ಹೇಳಿ. ಏನಾಯಿತು, ಎಷ್ಟು ಜನಕ್ಕೆ ತೊಂದರೆ, ವಾಪಸ್ ಕರೆ ಮಾಡೋಕೆ ಯಾವ ನಂಬರ್ ಅನ್ನೋದನ್ನೂ ಹೇಳಿ. ಅವರು 'ಇಡಿ' ಅನ್ನುವವರೆಗೆ ಫೋನ್ ಇಡಬೇಡಿ.

112ರ ಬಗ್ಗೆ ತಿಳಿದಿರಬೇಕಾದ ಇನ್ನಷ್ಟು:

• ಫೋನ್ ಲಾಕ್ ಆಗಿದ್ದರೂ ಪರದೆಯ ಮೇಲಿನ 'ಎಮರ್ಜೆನ್ಸಿ ಕಾಲ್' ಒತ್ತಿ 112ಕ್ಕೆ ಕರೆ ಮಾಡಬಹುದು. ಅಪಘಾತದಲ್ಲಿ ಬಿದ್ದವರ ಫೋನಿನಿಂದಲೂ ಇದು ಸಾಧ್ಯ.
• ರೀಚಾರ್ಜ್ ಮುಗಿದು ಔಟ್‌ಗೋಯಿಂಗ್ ಬಂದ್ ಆಗಿದ್ದರೂ 112ಕ್ಕೆ ಕರೆ ಹೋಗಬೇಕು ಎಂಬುದು ವ್ಯವಸ್ಥೆ.
• 0 ಆಗಲಿ, ಎಸ್‌ಟಿಡಿ ಕೋಡ್ ಆಗಲಿ ಸೇರಿಸಬೇಡಿ. ನೇರವಾಗಿ 112.
• 2016ರ ನಿಯಮದ ಪ್ರಕಾರ ಕೀಪ್ಯಾಡ್ ಫೋನ್‌ಗಳಲ್ಲಿ 5 ಅಥವಾ 9 ಅನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು. ಸ್ಮಾರ್ಟ್‌ಫೋನ್‌ಗಳಲ್ಲಿ ಪವರ್ ಬಟನ್ ಅನ್ನು ಬೇಗ ಬೇಗ 3 ಸಲ ಒತ್ತಬೇಕು. ಕೆಲವು ಫೋನ್‌ಗಳಲ್ಲಿ ಇದು ಬೇರೆ ಥರ ಇರುತ್ತದೆ, ಸೆಟ್ಟಿಂಗ್ಸ್‌ನ ಎಮರ್ಜೆನ್ಸಿ ವಿಭಾಗದಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ.
• ಮಕ್ಕಳು ಆಟ ಆಡುತ್ತಾ ಒತ್ತಿಬಿಟ್ಟರೆ ಹೆದರಿ ಕಟ್ ಮಾಡಬೇಡಿ. 'ಗೊತ್ತಿಲ್ಲದೆ ಬಂತು, ಏನೂ ತೊಂದರೆ ಇಲ್ಲ' ಅಂತ ಹೇಳಿ. ಇಲ್ಲದಿದ್ದರೆ ಅವರು ವಾಪಸ್ ಕರೆ ಮಾಡುತ್ತಾ ಕೂರಬೇಕಾಗುತ್ತದೆ, ನಿಜವಾಗಿ ಕಷ್ಟದಲ್ಲಿರುವವರ ಕರೆ ಕಾಯುತ್ತದೆ.

108 ಮತ್ತು 104: ಎರಡೂ ಆರೋಗ್ಯಕ್ಕೇ, ಆದರೆ ಕೆಲಸ ಬೇರೆ

108 ಆ್ಯಂಬುಲೆನ್ಸ್ ಸೇವೆ 2005ರ ಆಗಸ್ಟ್ 15ರಂದು ಹೈದರಾಬಾದ್‌ನಲ್ಲಿ ಶುರುವಾಯಿತು. ಕರ್ನಾಟಕಕ್ಕೆ ಅದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಬಂತು. ಅಪಘಾತ, ಎದೆನೋವು, ಹೆರಿಗೆ ನೋವು, ಹಾವು ಕಡಿತ, ವಿಷ ಸೇವನೆ... ಗಾಡಿ ಬೇಕು ಅನ್ನುವಂಥ ಸಂದರ್ಭಕ್ಕೆಲ್ಲ 108. ಗಾಡಿಗೆ ದುಡ್ಡು ಕೊಡಬೇಕಿಲ್ಲ.

104 ಅಂದರೆ ಆರೋಗ್ಯವಾಣಿ. ಇಲ್ಲಿಂದ ಗಾಡಿ ಬರೋದಿಲ್ಲ, ಸಲಹೆ ಸಿಗುತ್ತದೆ. ಯಾವ ಆಸ್ಪತ್ರೆಗೆ ಹೋಗಬೇಕು, ಸರ್ಕಾರಿ ಆರೋಗ್ಯ ಯೋಜನೆಯ ಮಾಹಿತಿ, ಸರ್ಕಾರಿ ಆಸ್ಪತ್ರೆಯ ಮೇಲಿನ ದೂರು ಮುಂತಾದವಕ್ಕೆ ಇದು. ಎದೆನೋವು ಬಂದಾಗ 104ಕ್ಕೆ ಕರೆ ಮಾಡಿ ಕೂತರೆ ಸಮಯ ಹಾಳು. ಹಾಗೆಯೇ ಜ್ವರದ ಮಾತ್ರೆ ಬಗ್ಗೆ ಕೇಳೋಕೆ 108ಕ್ಕೆ ಕರೆ ಮಾಡಿದರೆ ಬೇರೆಯವರ ಜೀವದ ಸಮಯ ಹಾಳು.

1930: ದುಡ್ಡು ಹೋದ ಮೊದಲ ಗಂಟೆಯ ನಂಬರ್

ಅಂಗಡಿಯವರು ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬಾರದು. ಆನ್‌ಲೈನ್‌ನಲ್ಲಿ ಹಣ ವಂಚನೆಯಾದಾಗ ಕರೆ ಮಾಡುವ ರಾಷ್ಟ್ರೀಯ ಸಹಾಯವಾಣಿ 1930. 2021ರಲ್ಲಿ 155260 ಎಂಬ 6 ಅಂಕಿಯ ನಂಬರ್‌ನಲ್ಲಿ ಶುರುವಾದ ಇದಕ್ಕೆ, ನೆನಪಿಡೋಕೆ ಸುಲಭವಾಗಲಿ ಅಂತ ಆಮೇಲೆ 1930 ಎಂಬ 4 ಅಂಕಿಯ ನಂಬರ್ ಕೊಡಲಾಯಿತು. ಹಳೆ ಪೋಸ್ಟರ್‌ಗಳಲ್ಲಿ 155260 ಕಂಡರೆ ಅದರ ಬದಲು 1930 ಒತ್ತಿ.

ಇದು ಕೆಲಸ ಮಾಡುವ ರೀತಿ ತಿಳಿದರೆ ಅವಸರ ಯಾಕೆ ಅನ್ನೋದು ಅರ್ಥವಾಗುತ್ತದೆ. ವಂಚಕರು ಹಣವನ್ನು ಒಂದೇ ಖಾತೆಯಲ್ಲಿ ಇಟ್ಟುಕೊಳ್ಳೋದಿಲ್ಲ. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾಕುತ್ತಾ ಕೊನೆಗೆ ಎಟಿಎಂನಲ್ಲಿ ತೆಗೆದುಬಿಡುತ್ತಾರೆ. 1930ಕ್ಕೆ ದೂರು ಬಂದ ಕೂಡಲೇ ಅದು ಹಣ ಹೋಗಿರುವ ಬ್ಯಾಂಕ್ ಅಥವಾ ವ್ಯಾಲೆಟ್‌ಗೆ ಆನ್‌ಲೈನ್‌ನಲ್ಲೇ ತಲುಪುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಬ್ಯಾಂಕ್ ಅದನ್ನು ತಡೆಹಿಡಿಯುತ್ತದೆ. ಮುಂದಿನ ಬ್ಯಾಂಕ್‌ಗೆ ಹೋಗಿದ್ದರೆ ದೂರು ಆ ಬ್ಯಾಂಕಿನ ಬೆನ್ನು ಹತ್ತುತ್ತದೆ. ನಗದಾಗಿ ಹೊರಗೆ ಹೋದ ಮೇಲೆ ಹಿಡಿಯೋದು ಕಷ್ಟ. 'ನಾಳೆ ಬ್ಯಾಂಕ್ ತೆಗೆದ ಮೇಲೆ ಮ್ಯಾನೇಜರ್ ಹತ್ತಿರ ಹೋಗೋಣ' ಅಂತ ಕಾದರೆ ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಕರೆ ಮಾಡುವಾಗ ಇವನ್ನು ಕೈಯಲ್ಲಿಟ್ಟುಕೊಳ್ಳಿ: ಹಣ ಹೋದ ಖಾತೆಯ ನಂಬರ್ ಮತ್ತು ಬ್ಯಾಂಕ್ ಹೆಸರು, ಎಷ್ಟು ಹಣ, ಯಾವ ಹೊತ್ತಿಗೆ, ಟ್ರಾನ್ಸಾಕ್ಷನ್ ಐಡಿ ಅಥವಾ ಯುಟಿಆರ್ ನಂಬರ್, ವಂಚಕರ ಫೋನ್ ನಂಬರ್ ಅಥವಾ ಯುಪಿಐ ಐಡಿ. ಸಂದೇಶ, ಸ್ಕ್ರೀನ್‌ಶಾಟ್ ಯಾವುದನ್ನೂ ಡಿಲೀಟ್ ಮಾಡಬೇಡಿ. ದೂರು ದಾಖಲಾದ ಮೇಲೆ ಮೆಸೇಜ್‌ನಲ್ಲಿ ಒಂದು ಸ್ವೀಕೃತಿ ಸಂಖ್ಯೆ ಬರುತ್ತದೆ. ಅದನ್ನು ಇಟ್ಟುಕೊಂಡು 24 ಗಂಟೆಯೊಳಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಪೂರ್ತಿ ದೂರು ತುಂಬಬೇಕು. ಅದು ಬರದವರು ಹತ್ತಿರದ ಪೊಲೀಸ್ ಠಾಣೆಗೆ ಹೋಗಬಹುದು. ಜೊತೆಗೇ ನಿಮ್ಮ ಬ್ಯಾಂಕ್‌ಗೂ ತಿಳಿಸಿ ಕಾರ್ಡ್, ಯುಪಿಐ ಬ್ಲಾಕ್ ಮಾಡಿಸಿ.

ಕರೆಂಟ್, ಗ್ಯಾಸ್, ರಸ್ತೆ, ಮಳೆ, ದನ-ಕರು

1912, ಕರೆಂಟ್: ದೂರು ಹೇಳುವಾಗ ಬಿಲ್‌ನಲ್ಲಿರುವ ಆರ್‌ಆರ್ ನಂಬರ್ ಇದ್ದರೆ ಕೆಲಸ ಸಲೀಸು. ಬಿಲ್‌ನ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಟಿಸಿ ಸುಟ್ಟಿದೆಯೋ, ಇಡೀ ಬೀದಿಗೆ ಇಲ್ಲವೋ, ಒಂದೇ ಮನೆಗೆ ಇಲ್ಲವೋ ಅನ್ನೋದನ್ನು ಬಿಡಿಸಿ ಹೇಳಿ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಲೈನ್‌ಮನ್‌ಗೆ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರೋದಿಲ್ಲ, 1912ರ ದೂರಿಗೆ ಇರುತ್ತದೆ. ತಂತಿ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ, ಯಾರನ್ನೂ ಬಿಡದೆ, ಮೊದಲು ಕರೆ ಮಾಡಿ.

1906, ಗ್ಯಾಸ್ ಸೋರಿಕೆ: ಎಲ್ಲ ಎಲ್‌ಪಿಜಿ ಕಂಪನಿಗಳಿಗೂ ಇದೊಂದೇ ತುರ್ತು ನಂಬರ್, 24 ಗಂಟೆಯೂ ಇರುತ್ತದೆ. ಹೋಟೆಲ್, ಬೇಕರಿ, ಟೀ ಅಂಗಡಿಯವರು ಗೋಡೆ ಮೇಲೆ ಬರೆದಿಡಬೇಕಾದ ನಂಬರ್ ಇದು. ವಾಸನೆ ಬಂದ ಕೂಡಲೇ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆಯಿರಿ. ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದ ಮೇಲೆ ಫೋನ್ ಮಾಡಿ. ಬೆಂಕಿ ಹತ್ತಿಕೊಂಡಿದ್ದರೆ 1906 ಅಲ್ಲ, 112.

1033, ರಾಷ್ಟ್ರೀಯ ಹೆದ್ದಾರಿ: ಅಪಘಾತ, ಕೆಟ್ಟುನಿಂತ ಗಾಡಿ, ಟೋಲ್ ತಕರಾರು ಇವಕ್ಕೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಜಾಗ ಹುಡುಕೋದು ಸುಲಭ. ರಾಜ್ಯ ಹೆದ್ದಾರಿ, ಹಳ್ಳಿ ರಸ್ತೆಗೆ ಇದು ಅನ್ವಯಿಸೋದಿಲ್ಲ.

139, ರೈಲ್ವೆ: ಮೊದಲು ವಿಚಾರಣೆಗೆ ಒಂದು, ದೂರಿಗೆ ಒಂದು, ಸುರಕ್ಷತೆಗೆ 182 ಅಂತ ಬೇರೆ ಬೇರೆ ಇದ್ದವು. 2021ರ ಏಪ್ರಿಲ್ 1ರಿಂದ 182 ಕೂಡ 139ರೊಳಗೆ ಸೇರಿಹೋಯಿತು.

1077, ಮಳೆ-ನೆರೆ: ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ಕಂಟ್ರೋಲ್ ರೂಮ್. ಮನೆ ಕುಸಿತ, ಗುಡ್ಡ ಜರಿತ, ಸೇತುವೆ ಮುಳುಗಡೆಯಂಥ ವಿಷಯ ತಿಳಿಸೋದು ಇಲ್ಲಿಗೆ. ಇದು ಜಿಲ್ಲೆಗೊಂದು ಇರುವ ನಂಬರ್. ಹಾಗಾಗಿ ಮೊಬೈಲ್‌ನಿಂದ ಕರೆ ಹೋಗದಿದ್ದರೆ ಜಿಲ್ಲಾ ಕೇಂದ್ರದ ಎಸ್‌ಟಿಡಿ ಕೋಡ್ ಸೇರಿಸಿ 1077 ಒತ್ತಿ ನೋಡಿ. 2018ರ ಕೇರಳ ಪ್ರವಾಹದ ಹೊತ್ತಿನಲ್ಲಿ ಅಲ್ಲಿನ ಜನರಿಗೆ ಹೇಳಿದ್ದೂ ಹೀಗೇ. ರಾಜ್ಯಮಟ್ಟದ ಕಂಟ್ರೋಲ್ ರೂಮ್ 1070.

1962, ಪಶು ಸಂಜೀವಿನಿ: ಹಸು, ಎಮ್ಮೆ, ಕುರಿಗೆ ತುರ್ತು ಚಿಕಿತ್ಸೆ ಬೇಕಾದಾಗ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಈ ನಂಬರ್.

1926, ಅರಣ್ಯ ಇಲಾಖೆ: ಕಾಡುಪ್ರಾಣಿ ಊರಿಗೆ ಬಂದರೆ, ಕಾಡಿಗೆ ಬೆಂಕಿ ಬಿದ್ದರೆ.

ಕೃಷಿ ಸಲಹೆಗೆ ಕಿಸಾನ್ ಕಾಲ್ ಸೆಂಟರ್ 1800-180-1551. 2004ರಿಂದ ಇರುವ ಈ ಸೇವೆ ಕನ್ನಡದಲ್ಲೂ ಸಿಗುತ್ತದೆ; ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ.

ಮಕ್ಕಳು, ಮಹಿಳೆಯರು, ಹಿರಿಯರು, ಮನಸ್ಸು

1098 ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗವಾಗಿ ಶುರುವಾಗಿ ದೇಶಪೂರ್ತಿ ಹಬ್ಬಿದ ನಂಬರ್. ಬಾಲ್ಯವಿವಾಹ ನಡೆಯುತ್ತಿದ್ದರೆ, ಮಗುವನ್ನು ಕೆಲಸಕ್ಕಿಟ್ಟುಕೊಂಡಿದ್ದರೆ, ಬಸ್ ಸ್ಟ್ಯಾಂಡ್‌ನಲ್ಲಿ ಮಗು ಒಂಟಿಯಾಗಿ ಅಳುತ್ತಿದ್ದರೆ ಯಾರು ಬೇಕಾದರೂ ಕರೆ ಮಾಡಬಹುದು.

181 ಮಹಿಳಾ ಸಹಾಯವಾಣಿ. ಮನೆಯಲ್ಲಿ ಹೊಡೆತ, ವರದಕ್ಷಿಣೆ ಕಿರುಕುಳ ಮುಂತಾದವಕ್ಕೆ ಸಲಹೆ, ಆಶ್ರಯ, ಕಾನೂನು ನೆರವಿನ ದಾರಿ ತೋರಿಸುತ್ತದೆ. ಆ ಕ್ಷಣದಲ್ಲೇ ಜೀವಕ್ಕೆ ಅಪಾಯವಿದ್ದರೆ ಮೊದಲು 112.

14567 ಹಿರಿಯ ನಾಗರಿಕರಿಗೆ. ಪಿಂಚಣಿ, ಮಕ್ಕಳಿಂದ ನಿರ್ಲಕ್ಷ್ಯ, ಒಂಟಿತನ ಇಂಥ ವಿಷಯಗಳಿಗೆ.

14416 ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ರಾಷ್ಟ್ರೀಯ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಾಲದ ಚಿಂತೆ, ಪರೀಕ್ಷೆ ಭಯ, ನಿದ್ದೆ ಬಾರದಿರುವುದು, ಬದುಕು ಬೇಡ ಅನಿಸುವುದು, ಯಾವುದಕ್ಕಾದರೂ ಹಗಲು ರಾತ್ರಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅಂಗಡಿಯವರಿಗೆ ಬೇಕಾಗುವ ನಂಬರ್‌ಗಳು

• 1915: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಗ್ರಾಹಕರು ಅಂಗಡಿಯ ಮೇಲೆ ದೂರು ಕೊಡೋದೂ ಇಲ್ಲಿಗೇ. ಆದ್ದರಿಂದ ಬಿಲ್ ಕೊಡುವುದು, ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳದಿರುವುದು ಅಂಗಡಿಗೂ ಕ್ಷೇಮ.
• 1967: ಪಡಿತರ ದೂರು. ರೇಷನ್ ಕಡಿಮೆ ಕೊಟ್ಟರೆ, ಅಂಗಡಿ ತೆಗೆಯದಿದ್ದರೆ.
• 1909: ಜಾಹೀರಾತು ಕರೆಗಳ ಕಾಟ ತಪ್ಪಿಸೋಕೆ. 'ಸ್ಟಾರ್ಟ್ 0' ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ 1909ಕ್ಕೆ ಮೆಸೇಜ್ ಕಳಿಸಿದರೆ ಪ್ರಚಾರದ ಕರೆ, ಮೆಸೇಜ್ ಎರಡನ್ನೂ ತಡೆಯಲು ಕೋರಿದ ಹಾಗೆ.
• 14422: ಸೆಕೆಂಡ್ ಹ್ಯಾಂಡ್ ಮೊಬೈಲ್ ಕೊಳ್ಳುವ ಮುಂಚೆ ಉಪಯೋಗಿಸಬೇಕಾದ್ದು. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್ ಕಾಣುತ್ತದೆ. 'ಕೆವೈಎಂ' ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಐಎಂಇಐ ನಂಬರ್ ಟೈಪ್ ಮಾಡಿ 14422ಕ್ಕೆ ಮೆಸೇಜ್ ಮಾಡಿ. ಬ್ಲಾಕ್ ಆದ ಅಥವಾ ನಕಲಿ ಐಎಂಇಐ ಎಂದು ಉತ್ತರ ಬಂದರೆ ಆ ಫೋನ್ ಮುಟ್ಟಬೇಡಿ.
• 1902: ಕರ್ನಾಟಕ ಸರ್ಕಾರದ ಜನಸ್ಪಂದನ. ತಾಲ್ಲೂಕು ಕಚೇರಿ, ಪಂಚಾಯಿತಿ ಸೇರಿ ಯಾವುದೇ ಇಲಾಖೆಯಲ್ಲಿ ಕೆಲಸ ನಿಂತಿದ್ದರೆ ಅಹವಾಲು ದಾಖಲಿಸೋಕೆ.

1800, 1860, 140, 160: ಇವೂ 1ರ ಮನೆಯವೇ

ಬ್ಯಾಂಕ್, ಕಂಪನಿಗಳು ಬಳಸುವ 1800 ನಂಬರ್ ಟೋಲ್ ಫ್ರೀ, ಕರೆಯ ಖರ್ಚು ಕಂಪನಿಯದು. 1860 ನಂಬರ್ ಹಾಗಲ್ಲ, ಕರೆ ಮಾಡಿದವರಿಗೂ ಖರ್ಚು ಬೀಳುತ್ತದೆ. ಎರಡೂ ನೋಡೋಕೆ ಒಂದೇ ಥರ ಇರೋದರಿಂದ ಮೋಸಹೋಗೋದು ಸುಲಭ.

ನಿಮಗೆ ಬರುವ ಕರೆಗಳಲ್ಲೂ ಗುರುತು ಇದೆ. 140ರಿಂದ ಶುರುವಾದರೆ ಅದು ಪ್ರಚಾರದ ಕರೆ. ಬ್ಯಾಂಕ್, ವಿಮೆ, ಸರ್ಕಾರಿ ಇಲಾಖೆಗಳು ಸೇವೆಯ ವಿಷಯಕ್ಕೆ ಮಾಡುವ ಕರೆಗಳಿಗೆಂದು 2024ರಲ್ಲಿ 160 ಸಾಲನ್ನು ಮೀಸಲಿಡಲಾಯಿತು. ಹಾಗಾಗಿ ಮಾಮೂಲಿ 10 ಅಂಕಿಯ ಮೊಬೈಲ್‌ನಿಂದ 'ಬ್ಯಾಂಕ್‌ನಿಂದ ಮಾತಾಡ್ತಿದ್ದೀವಿ, ಕೆವೈಸಿ ಮುಗಿದಿದೆ' ಅಂತ ಕರೆ ಬಂದರೆ ಮೊದಲ ಅನುಮಾನ ಅಲ್ಲೇ ಬರಬೇಕು. ಹಾಗಂತ 160ರಿಂದ ಬಂದ ಕರೆ ಅಂತ ಒಟಿಪಿ ಹೇಳಬಾರದು. ಒಟಿಪಿಯನ್ನು ಯಾವ ನಂಬರ್‌ನಿಂದ ಕರೆ ಬಂದರೂ ಹೇಳಬಾರದು.

ಸ್ಟಾರ್, ಹ್ಯಾಶ್ ಇರುವವು ಫೋನ್ ನಂಬರ್ ಅಲ್ಲ

*99#, *#06# ಇಂಥವನ್ನೂ ಜನ ಚಿಕ್ಕ ನಂಬರ್ ಅಂತಲೇ ತಿಳಿದಿದ್ದಾರೆ. ಇವು ಕರೆಗಳಲ್ಲ, ನಿಮ್ಮ ಫೋನಿಗೋ ಕಂಪನಿಯ ನೆಟ್‌ವರ್ಕ್‌ಗೋ ಕೊಡುವ ಆಜ್ಞೆ. *99# ಒತ್ತಿದರೆ ಇಂಟರ್‌ನೆಟ್ ಇಲ್ಲದೆಯೂ ಬ್ಯಾಂಕ್ ಬ್ಯಾಲೆನ್ಸ್ ನೋಡಬಹುದು, ಹಣ ಕಳಿಸಬಹುದು. ಇದು ಒಳ್ಳೆಯ ಬಳಕೆ.

ಕೆಟ್ಟ ಬಳಕೆಯೂ ಇದೆ. 'ನಿಮ್ಮ ಪಾರ್ಸಲ್ ಬಂದಿದೆ, ಡೆಲಿವರಿ ಹುಡುಗನಿಗೆ ಕರೆ ಮಾಡೋಕೆ ಈ ನಂಬರ್ ಒತ್ತಿ' ಅಂತ *21* ಅಥವಾ *401* ಮುಂದೆ ಒಂದು ಮೊಬೈಲ್ ನಂಬರ್ ಸೇರಿಸಿ ಹೇಳುತ್ತಾರೆ. ಒತ್ತಿದರೆ ನಿಮಗೆ ಬರುವ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತವೆ. ಕರೆ ಮೂಲಕ ಬರುವ ಒಟಿಪಿಯೂ ಅವರಿಗೇ ಸಿಗುತ್ತದೆ. ಈ ಕಾರಣಕ್ಕೆ ಇಂಥ ಕೋಡ್ ಒತ್ತಿ ಕಾಲ್ ಫಾರ್ವರ್ಡ್ ಮಾಡುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಆದರೂ ಅನುಮಾನ ಬಂದರೆ ##002# ಒತ್ತಿ. ಫಾರ್ವರ್ಡ್ ಆಗಿದ್ದರೆ ರದ್ದಾಗುತ್ತದೆ.

ನಕಲಿ ಸಹಾಯವಾಣಿ ಗುರುತಿಸೋದು ಹೇಗೆ?

ಮೇಲಿನ ಲೆಕ್ಕವೇ ಇದಕ್ಕೂ ಅಳತೆಗೋಲು. ಗ್ಯಾಸ್, ಕರೆಂಟ್, ರೇಷನ್, ಆಧಾರ್ ಇವುಗಳ ಸಹಾಯವಾಣಿ 6, 7, 8, 9ರಿಂದ ಶುರುವಾಗುವ 10 ಅಂಕಿಯ ನಂಬರ್ ಅಂತ ಯಾವುದೋ ವೆಬ್‌ಸೈಟ್ ಅಥವಾ ವಾಟ್ಸ್‌ಆ್ಯಪ್ ಮೆಸೇಜ್ ಹೇಳಿದರೆ ನಂಬುವ ಮುಂಚೆ ಯೋಚಿಸಿ. 'ಇವತ್ತು ರಾತ್ರಿ ಕರೆಂಟ್ ಕಟ್ ಮಾಡ್ತೀವಿ, ಈ ಮೊಬೈಲ್‌ಗೆ ಕರೆ ಮಾಡಿ' ಎಂಬ ಮೆಸೇಜ್ ಬಂದರೆ ಅದರಲ್ಲಿರುವ ನಂಬರ್‌ಗೆ ಮಾಡದೆ ನೇರವಾಗಿ 1912ಕ್ಕೆ ಕೇಳಿ. ಬ್ಯಾಂಕ್ ನಂಬರ್ ಬೇಕಿದ್ದರೆ ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಭಾಗ ನೋಡಿ, ಗೂಗಲ್‌ನಲ್ಲಿ ಹುಡುಕಬೇಡಿ.

ನೀವಾಗಿ ಆ ಚಿಕ್ಕ ನಂಬರ್ ಒತ್ತಿದರೆ ಕರೆ ಸರಿಯಾದ ಕಡೆಗೇ ಹೋಗುತ್ತದೆ. ಆದರೆ 'ನಾವು 1930ರಿಂದ', 'ನಾವು ಸೈಬರ್ ಪೊಲೀಸರು' ಅಂತ ಅವರಾಗಿ ಕರೆ ಮಾಡಿದರೆ ಅದು ನಿಜ ಅಂತ ಖಾತ್ರಿ ಇಲ್ಲ. ವಿಡಿಯೋ ಕಾಲ್‌ನಲ್ಲಿ 'ಡಿಜಿಟಲ್ ಅರೆಸ್ಟ್' ಅಂದರೆ ಹೆದರಬೇಡಿ. ಅಂಥ ಬಂಧನ ಕಾನೂನಿನಲ್ಲೇ ಇಲ್ಲ. ಫೋನ್ ಇಟ್ಟು ನೀವೇ 1930ಕ್ಕೆ ಕರೆ ಮಾಡಿ.

ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ

• ಪೊಲೀಸ್, ಬೆಂಕಿ, ಯಾವುದೇ ತುರ್ತು: 112
• ಆ್ಯಂಬುಲೆನ್ಸ್: 108
• ಆರೋಗ್ಯ ಸಲಹೆ: 104
• ಆನ್‌ಲೈನ್ ಹಣ ವಂಚನೆ: 1930
• ಕರೆಂಟ್: 1912
• ಗ್ಯಾಸ್ ಸೋರಿಕೆ: 1906
• ಮಳೆ, ನೆರೆ: 1077
• ರಾಷ್ಟ್ರೀಯ ಹೆದ್ದಾರಿ: 1033
• ರೈಲ್ವೆ: 139
• ಪಶು ಚಿಕಿತ್ಸೆ: 1962
• ಅರಣ್ಯ ಇಲಾಖೆ: 1926
• ಮಕ್ಕಳು: 1098
• ಮಹಿಳೆಯರು: 181
• ಹಿರಿಯರು: 14567
• ಮಾನಸಿಕ ಆರೋಗ್ಯ: 14416
• ಗ್ರಾಹಕರ ದೂರು: 1915
• ಪಡಿತರ: 1967
• ಸರ್ಕಾರಿ ಕಚೇರಿ ಅಹವಾಲು: 1902
• ಆಧಾರ್: 1947
• ಮತದಾರರ ಪಟ್ಟಿ: 1950

ಇಷ್ಟೂ ನೆನಪಿಟ್ಟುಕೊಳ್ಳಬೇಕಿಲ್ಲ. 112, 108, 1930 ಈ ಮೂರನ್ನು ಮನೆಯ ಮಕ್ಕಳಿಗೂ ಅಜ್ಜ-ಅಜ್ಜಿಗೂ ಬಾಯಿಪಾಠ ಮಾಡಿಸಿ. ಅದರ ಜೊತೆಗೆ ತಮ್ಮ ಊರು, ಹೋಬಳಿ, ತಾಲ್ಲೂಕಿನ ಹೆಸರನ್ನು ಫೋನಿನಲ್ಲಿ ಸ್ಪಷ್ಟವಾಗಿ ಹೇಳೋದನ್ನೂ ಕಲಿಸಿ. ಉಳಿದವು ಗೋಡೆ ಮೇಲಿದ್ದರೆ ಸಾಕು.